ತನಗಾಗಿ ಕೊಂಡ ಬಂಗಾರ

“ಯಾರಿಗೆ?” ಎಂದು ಬಂಗಾರದ ವ್ಯಾಪಾರಿ ಬಿಂದುಮಾಧವ ಸರಾಫರು ಮರಾಠಿಯಲ್ಲಿ ಕೇಳಿದರು. ಎದುರಿಗೆ ಕೂತ ಹೆಂಗಸು ಹೇಳಲು ಸಂಕೋಚಪಡುತ್ತಿದ್ದಾಳೆಂದು ತಿಳಿದು, ತಾವೇ ಒಂದೊಂದಾಗಿ ಸೂಚಿಸಿದರು: ಅಣ್ಣನ ಮಗಳ ಮದುವೆಗೋ? ಯಾರದಾದರೂ ಮಗುವಿಗೆ ಹೆಸರಿಡುವ ಬಾರಸೆಗೋ? ದೇವರ ಹರಕೆಗೋ? ಬಿಳಿ ಗಾದಿಯ ಅಂಚಿನಲ್ಲಿ ಕೂತಿದ್ದ ಕೃಷ್ಣಾಬಾಯಿಯ ಬರಿ ಹಣೆಯನ್ನೂ ಬರಿಗೈಗಳನ್ನೂ ಅವರು ಒಮ್ಮೆ ನೋಡಿ, ಮರ್ಯಾದೆಯಿಂದ ಕಣ್ಣನ್ನು ತಕ್ಕಡಿಯ ಕಡೆ ಹೊರಳಿಸಿದ್ದರು.

ಪುಣೆಯ ರವಿವಾರ ಪೇಟೆಯ ಆ ಅಂಗಡಿಗೆ ಕೃಷ್ಣಾಬಾಯಿ ಎಲ್ಲಕ್ಕೂ ತಯಾರಾಗಿ ಬಂದಿದ್ದಳು, ಈ ಪ್ರಶ್ನೆಯೊಂದನ್ನು ಬಿಟ್ಟು. ಪಕ್ಕದಲ್ಲಿ ನತ್ತು ಆರಿಸುತ್ತಿದ್ದ ಗಂಡಹೆಂಡತಿ ಮಾತು ನಿಲ್ಲಿಸಿದ್ದರು. ಹರಕೆಗೆ ಎಂದುಬಿಟ್ಟರೆ ಮುಗಿಯುತ್ತಿತ್ತು.

“ನನಗೆ,” ಎಂದಳು.

ಸರಾಫರು ಮತ್ತೇನೂ ಕೇಳದೆ ಪೆಟ್ಟಿಗೆಯಿಂದ ಒಂದು ಬಂಗಾರದ ನಾಣ್ಯವನ್ನು, ಗಿನ್ನಿಯನ್ನು, ತೆಗೆದು ಮುಂದಿಟ್ಟರು. ಒಂದು ಬದಿಗೆ ವಿಲಾಯತಿಯ ರಾಜನ ಮುಖ, ಇನ್ನೊಂದು ಬದಿಗೆ ಕುದುರೆ ಏರಿದ ಸವಾರ. ಕೃಷ್ಣಾಬಾಯಿ ಅದನ್ನು ಬೆಳಕಿಗೆ ಹಿಡಿದು ಅಂಚಿನ ಸುತ್ತ ಉಗುರಾಡಿಸಿದಳು. ರಾಜನ ತಲೆಯ ಮೇಲ್ಗಡೆ ಒಂದೆಡೆ ಉಗುರು ತಡೆಯಿತು. ಯಾರೋ ಅದಕ್ಕೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಂಡಿದ್ದರು. ಮಾರುವಾಗ ಕೊಂಡಿ ಕಿತ್ತು ಉಜ್ಜಿದ್ದರು. ಅದನ್ನು ಗಾದಿಯ ಮೇಲಿಟ್ಟು, ಬೆಸುಗೆ ಕಾಣದ ಇನ್ನೊಂದು ಇದ್ದರೆ ಕೊಡಿ ಎಂದಳು. ಎರಡನೆಯದನ್ನು ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟಳು. ನಾದ ಎಳೆಯಾಗಿ ಬಹಳ ಹೊತ್ತು ನಿಂತಿತು. ಆಮೇಲೆ, ತಕ್ಕಡಿಯ ಒಂದು ಪರಡಿಯಲ್ಲಿ ಇದನ್ನೂ ಇನ್ನೊಂದರಲ್ಲಿ ಬೇರೊಂದು ಗಿನ್ನಿಯನ್ನೂ ಇಟ್ಟು ತೋರಿಸಿರೆಂದು ಕೇಳಿದಳು. ಸರಾಫರು ನಗುತ್ತಲೇ ತೂಗಿದರು. ಎರಡು ಪರಡಿಗಳೂ ಒಂದೇ ಮಟ್ಟಕ್ಕೆ ಬಂದು ನಿಂತವು.

ಹೊರಗೆ ಬಂದಾಗ ಬೀದಿಯ ತುಂಬ ಬಿಸಿಲಿತ್ತು. ನೆಟ್ಟಗೆ ಮನೆಗೆ ಹೋಗುವ ಬದಲು ಆಕೆ ಸುಮ್ಮನೆ ಮಂಡಯಿಯವರೆಗೂ ನಡೆದು, ಏನನ್ನೂ ಕೊಳ್ಳದೆ, ತರಕಾರಿಯವರ ಕೂಗು ಕೇಳುತ್ತ ಒಂದು ಸುತ್ತು ಹಾಕಿ ಬಂದಳು. ಹಾಗೆ ಕಾರಣವಿಲ್ಲದೆ ತಿರುಗಾಡಿದ್ದು ಆಕೆಗೆ ನೆನಪಿದ್ದಂತೆ ಅದೇ ಮೊದಲು.

ಕೃಷ್ಣಾಬಾಯಿ ಧಾರವಾಡದ ಕಡೆಯವಳು. ಮದುವೆಯೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾದವಳು. ಪುಣೆಯ ಕೋರ್ಟಿನಲ್ಲಿ ಕಾರಕೂನನಾಗಿದ್ದ ಅಣ್ಣ ಪಂಢರಿನಾಥ, ಊರಿನವರ ಮಾತಿಗೆ ಕಿವಿಗೊಡದೆ ತಂಗಿಯನ್ನು ಕರೆತಂದು ಓದಿಸಿದ್ದ. ಆಕೆ ನರ್ಸ್ ಆಗಿ ಆಸ್ಪತ್ರೆ ಸೇರಿದ ಮೇಲೆ ಪಗಾರ ಬಂದ ದಿನ ಅದನ್ನು ಅಣ್ಣನ ಕೈಗೆ ಕೊಡುತ್ತಿದ್ದಳು. ಕೊಡು ಎಂದು ಅವನು ಕೇಳಿದ್ದಿಲ್ಲ, ಯಾಕೆ ಕೊಡಬೇಕು ಎಂದು ಆಕೆ ಕೇಳಿದ್ದೂ ಇಲ್ಲ. ಪಂಢರಿನಾಥ ಕೆಟ್ಟವನಲ್ಲ. ಆದರೆ ತಂಗಿಗೆ ಇನ್ನೂ ಏನಾದರೂ ಬೇಕಾಗಬಹುದೆಂಬುದು ಅವನಿಗೆ ಹೊಳೆದಿರಲಿಲ್ಲ.

ಆಕೆಗೆ ಬೇಕಾದದ್ದು ಬಸುರಿಯರು ಬಂದು ಹೆರಲು ಒಂದು ಮನೆ. ಹೆರಿಗೆಗೆಂದು ಕಸಬಾ ಪೇಟೆಯ ಓಣಿಗಳಲ್ಲಿ ಕರೆದಾಗೆಲ್ಲ ಆಕೆ ಹೋಗುತ್ತಿದ್ದಳು. ಅಲ್ಲಿ ಬಸುರಿಯನ್ನು ಮಲಗಿಸುವುದು ಮನೆಯ ಅತ್ಯಂತ ಕತ್ತಲೆಯ ಕೋಣೆಯಲ್ಲಿ. ಒಳಗೆ ಅಗ್ಗಿಷ್ಟಿಕೆಯ ಹೊಗೆ, ಕೆಳಗೆ ಹಳೆಯ ಗೋಣಿ. ಗಾಳಿ ಬೆಳಕು ಬರುವ ನಾಲ್ಕು ಕೋಣೆ, ಕುದಿಯುವ ನೀರು, ಒಗೆದ ಬಟ್ಟೆ, ಇಷ್ಟಿದ್ದರೆ ಸಾಯಬೇಕಾಗಿರದ ಎಷ್ಟೋ ಮುಖಗಳನ್ನು ಆಕೆ ಮರೆಯಲಾರದೆ ಇದ್ದಳು. ಲೇವಾದೇವಿಯ ಪೇಢಿಯಲ್ಲಿ ದುಡ್ಡಿಡುವ ಧೈರ್ಯ ಆಕೆಗಿರಲಿಲ್ಲ. ಹಿಂದಿನ ವರ್ಷವಷ್ಟೇ ಓಣಿಯ ಒಂದು ಸಣ್ಣ ಪೇಢಿ ಬಾಗಿಲು ಹಾಕಿಕೊಂಡು, ಅದರ ಕಟ್ಟೆಯ ಮೇಲೆ ಮುದುಕಿಯರು ಕೂತು ಅತ್ತದ್ದನ್ನು ನೋಡಿದ್ದಳು.

ಆಕೆಗೆ ಬಂಗಾರದ ಪಾಠ ಹೇಳಿದವರು ಗಂಗೂಬಾಯಿ. ಬೆಳಗಾವಿಯಲ್ಲಿ ಹುಟ್ಟಿ ಪುಣೆಯ ಸರಾಫರ ಮನೆಗೆ ಸೊಸೆಯಾಗಿ ಬಂದವರು. ಅವರ ಮಗಳ ಹೆರಿಗೆ ಕಷ್ಟದ್ದಾಗಿತ್ತು. ಕೃಷ್ಣಾಬಾಯಿ ಅಲ್ಲಿಂದ ಕದಲದೆ ನಿಂತು ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟಿದ್ದಳು. ಗಂಗೂಬಾಯಿ ಸೀರೆ ಉಡಿಸಲು ಬಂದರೆ, ಸೀರೆ ಬೇಡ, ಬಂಗಾರ ಕೊಳ್ಳುವುದನ್ನು ಕಲಿಸಿರಿ ಎಂದಳು. ಮುದುಕಿ ಬಾಣಂತಿಯ ಕೋಣೆಯ ಬಾಗಿಲು ಮುಂದೆ ಮಾಡಿ ಹತ್ತಿರ ಕೂತರು.

“ಒಡವಿ ಮಾಡಸಬ್ಯಾಡ, ಕೃಷ್ಣಾ. ಒಡವಿಗೆ ಅಕ್ಕಸಾಲಿಗ ಕೂಲಿ ಕೊಡಬೇಕು, ಮಾರೂ ಮುಂದ ಬೆಸಗಿ ಅಂತ ಅರಗು ಅಂತ ಮತ್ತ ಕಡದು ಕೊಡತಾರ. ಅಲ್ಲದ, ಒಡವಿಗೆ ಒಂದು ಮೈ ಬೇಕು. ಗಿನ್ನಿಗೆ ಬ್ಯಾಡ. ಯಾರ ಕೈಯಾಗ ಇರತದ, ಅವರದು.”

ಹೊಸಬರು ಎಲ್ಲಿ ಮೋಸಹೋಗುತ್ತಾರೆಂಬುದನ್ನು ಗಂಗೂಬಾಯಿ ಬಿಡಿಸಿ ಹೇಳಿದರು. ಕೊಂಡಿ ಕಿತ್ತ ಗುರುತು, ಉಜ್ಜಿ ಹೊಳಪು ಕೊಟ್ಟ ಮುಖ, ಕಲ್ಲಿನ ಮೇಲೆ ಬಿದ್ದಾಗ ಸತ್ತ ದನಿ. ತಮ್ಮ ಗಂಡನ ಅಂಗಡಿಯಿಂದ ಒಂದು ಗಿನ್ನಿ ತರಿಸಿ, ಆಕೆಯ ಕಣ್ಣು ಮುಚ್ಚಿಸಿ ಅದರ ನಾದ ಕೇಳಿಸಿದರು. ದರ ಇಳಿಯಲಿ ಎಂದು ಕಾಯುತ್ತ ಕೂರುವವರು ಕೊನೆಗೆ ಕೊಳ್ಳುವುದೇ ಇಲ್ಲವೆಂದೂ, ಕೈಯಲ್ಲಿ ಮಿಕ್ಕಾಗ ಒಂದು ಕೊಂಡು ದರವನ್ನು ಮರೆತುಬಿಡಬೇಕೆಂದೂ, ಸಾಲ ಮಾಡಿ ಕೊಂಡದ್ದು ಸಾಲ ಕೊಟ್ಟವನ ಬಂಗಾರವೇ ಹೊರತು ತನ್ನದಲ್ಲವೆಂದೂ ಹೇಳಿದರು. ಹಾಗಾದರೆ ನಿಮ್ಮ ಅಂಗಡಿಗೇ ಬರುತ್ತೇನೆ ಎಂದು ಕೃಷ್ಣಾಬಾಯಿ ಅಂದದ್ದಕ್ಕೆ ಮುದುಕಿ ತಲೆಯಾಡಿಸಿದರು.

“ನಮ್ಮ ಅಂಗಡಿಗೆ ಮಾತ್ರ ಬರಬ್ಯಾಡ. ಗುರತು-ಓಳಖಿ ಇದ್ದಲ್ಲೆ ತಕ್ಕಡಿ ನೋಡಲಿಕ್ಕೆ ನಾಚಿಕಿ ಬರತದ. ಮತ್ತೊಂದು ಮಾತು. ಎದರ ಸಲುವಾಗಿ ಕೂಡಸಲಿಕ್ಕತ್ತೀನಿ ಅನ್ನೂದು ನಿನಗ ಗೊತ್ತಿರಲಿ. ಅದು ಸಿಕ್ಕ ದಿನ ಮಾರು. ಆಮ್ಯಾಲೆ ದರ ಎಷ್ಟಾತು ಅಂತ ಕೇಳಬ್ಯಾಡ.”

ಹೀಗೆ ಶುರುವಾಯಿತು. ಕೃಷ್ಣಾಬಾಯಿ ಪಗಾರದಲ್ಲಿ ಮನೆಯ ಪಾಲನ್ನು ವೈನಿಯ ಕೈಗೆ, ಎಂದರೆ ಅಣ್ಣನ ಹೆಂಡತಿಯ ಕೈಗೆ, ಕೊಟ್ಟು ಮಿಕ್ಕದ್ದನ್ನು ತಾನೇ ಇಟ್ಟುಕೊಳ್ಳತೊಡಗಿದಳು. ಕೆಲವು ತಿಂಗಳು ಗಿನ್ನಿಗಾಗುವಷ್ಟು ಮಿಗುತ್ತಿತ್ತು, ಹಲವು ತಿಂಗಳು ಮಿಗುತ್ತಿರಲಿಲ್ಲ. ಬಿಂದುಮಾಧವ ಸರಾಫರು ಈಗ ಆಕೆ ಬಂದರೆ ಯಾರಿಗೆಂದು ಕೇಳುತ್ತಿರಲಿಲ್ಲ. ತಾವೇ ಎರಡು ಗಿನ್ನಿ ಪರಡಿಗೆ ಹಾಕಿ ತಕ್ಕಡಿಯನ್ನು ಆಕೆಯ ಕಡೆ ತಿರುಗಿಸುತ್ತಿದ್ದರು.

ಮಾತು ಎಷ್ಟು ದಿನ ಮುಚ್ಚಿದ್ದೀತು? ಅಣ್ಣನ ಮಗಳು ಇಂದೂಳ ಮದುವೆ ಗೊತ್ತಾದ ದಿನಗಳಲ್ಲೇ ಕೋರ್ಟಿನ ಯಾರೋ ಪಂಢರಿನಾಥನಿಗೆ, ನಿಮ್ಮ ತಂಗಿಯನ್ನು ಸರಾಫರ ಅಂಗಡಿಯಲ್ಲಿ ಕಂಡೆ ಎಂದು ನಕ್ಕು ಹೇಳಿದರು. ಅವನು ತಲೆಯ ರುಮಾಲು ತೆಗೆಯದೆಯೇ ಬಂದು ನಡುಮನೆಯಲ್ಲಿ ನಿಂತ. ವಿಧವೆ ಬಂಗಾರ ಕೂಡಿಸುತ್ತಾಳೆಂದರೆ ನೆಂಟರು ಏನು ತಿಳಿಯಬೇಕು, ತಾನು ಹೊಟ್ಟೆಗೆ ಹಾಕುತ್ತಿಲ್ಲವೇ, ಯಾವ ಭಯಕ್ಕೆ ಇದು ಎಂದೆಲ್ಲ ಕೇಳಿದ. ಸಿಟ್ಟಿಗಿಂತ ಅವಮಾನವೇ ಅವನ ದನಿಯಲ್ಲಿ ಹೆಚ್ಚಿತ್ತು. ಕೊನೆಗೆ, ಆದದ್ದಾಯಿತು, ಎಲ್ಲವನ್ನೂ ಕರಗಿಸಿ ಇಂದೂಗೆ ಪಾಟಲಿ ಬಳೆ ಮಾಡಿಸಿದರೆ ಜನರ ಬಾಯಿ ಮುಚ್ಚುತ್ತದೆ ಎಂದ.

ಇಂದೂ ಕೃಷ್ಣಾಬಾಯಿಯ ಮಡಿಲಲ್ಲೇ ಬೆಳೆದ ಹುಡುಗಿ. ಅಣ್ಣ ಕೇಳಿದ್ದು ಆಕೆಗೆ ಅಸಾಧ್ಯವಾದದ್ದೇನಲ್ಲ. ಹೂಂ ಎಂದರೆ ಮನೆ ಮೊದಲಿನಂತಾಗುತ್ತಿತ್ತು. ಆ ಹೂಂ ತುಟಿಯವರೆಗೆ ಬಂತು ಕೂಡ.

“ಇಂದೂಗ ಕೊಡತೀನಿ, ಅಣ್ಣಾ,” ಎಂದಳು. “ಆದರ ಪಾಟಲಿ ಅಲ್ಲ. ಒಂದು ಗಿನ್ನಿ, ಅಕೀ ಕೈಯಾಗ. ಉಳದದ್ದು ಕರಗಸೂದಿಲ್ಲ.”

ಮದುವೆಯ ದಿನ ಹಾಗೇ ಕೊಟ್ಟಳು. ಹುಡುಗಿಯ ಅಂಗೈ ಬಿಡಿಸಿ, ಗಿನ್ನಿ ಇಟ್ಟು, ಬೆರಳು ಮಡಿಸಿ, ಇದು ನಿನ್ನದು, ಯಾರಿಗೂ ಹೇಳಬೇಕಾಗಿಲ್ಲ ಎಂದು ಕಿವಿಯಲ್ಲಿ ಹೇಳಿದಳು. ಪಂಢರಿನಾಥ ಅಂದಿನಿಂದ ತಂಗಿಯೊಡನೆ ಊಟಕ್ಕೆ ಏಳು, ಬಾಗಿಲು ಹಾಕು ಎನ್ನುವುದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಒಂದೇ ಸೂರಿನ ಕೆಳಗಿನ ಆ ಮೌನಕ್ಕೆ ಕೃಷ್ಣಾಬಾಯಿ ಹೊಂದಿಕೊಳ್ಳಲಿಲ್ಲ, ಸೋಲಲೂ ಇಲ್ಲ.

ಸಾವಿರದ ಒಂಬೈನೂರ ಮೂವತ್ತೊಂದರ ಹೊತ್ತಿಗೆ ಪೇಟೆಯಲ್ಲಿ ಎಲ್ಲದರ ಬೆಲೆ ಬಿದ್ದುಹೋಗಿತ್ತು. ಜೋಳ ಅಗ್ಗ, ಬಟ್ಟೆ ಅಗ್ಗ, ಮನೆ ಅಗ್ಗ. ಕೊಳ್ಳುವವರ ಕೈಯಲ್ಲಿ ಮಾತ್ರ ರೂಪಾಯಿ ಇರಲಿಲ್ಲ. ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ವಿಲಾಯತಿಯ ಸರಕಾರ ತನ್ನ ನೋಟಿಗೆ ಇನ್ನು ಬಂಗಾರ ಕೊಡುವುದಿಲ್ಲವೆಂದು ಸಾರಿತು. ಬಂಗಾರದ ದರ ವಾರದಿಂದ ವಾರಕ್ಕೆ ಏರತೊಡಗಿತು. ರವಿವಾರ ಪೇಟೆಗೆ ಜನ ನುಗ್ಗಿದರು. ಹೆಂಗಸರು ಕಟ್ಟೆಯ ಮೇಲೆ ಕೂತು ಬಳೆ ಕಳಚಿದರು, ಅಕ್ಕಸಾಲಿಗರು ಕತ್ತರಿಸಿದರು, ಕರಗಿಸಿದರು, ಇಷ್ಟು ಅರಗು ಇಷ್ಟು ಬೆಸುಗೆ ಎಂದು ಕಡಿದರು. ಆಸ್ಪತ್ರೆಯಲ್ಲಿ ಕೂಡ ಎಲ್ಲರೂ ಕೃಷ್ಣಾಬಾಯಿಗೆ, ಇದ್ದರೆ ಈಗಲೇ ಮಾರಿಬಿಡಿ ಎಂದರು. ಆಕೆ ಮಾರಲಿಲ್ಲ. ಆಕೆಗೆ ಮನೆ ಸಿಕ್ಕಿರಲಿಲ್ಲ.

ಆಕೆ ಮನೆ ಹುಡುಕಿದಳು. ಡ್ಯೂಟಿ ಮುಗಿಸಿ ಪೇಟೆ ಪೇಟೆ ಅಲೆದಳು. ಕೊನೆಗೆ ಶನಿವಾರ ಪೇಟೆಯಲ್ಲಿ ದಿಗಂಬರರಾಯರ ವಾಡೆ ಕಣ್ಣಿಗೆ ಬಿತ್ತು. ನಡುವೆ ಚೌಕ, ಸುತ್ತ ಮರದ ಕಂಬದ ಪಡಸಾಲೆ, ಪೂರ್ವಕ್ಕೆ ಕಿಟಕಿಯಿರುವ ಕೋಣೆಗಳು, ಹಿತ್ತಲಲ್ಲಿ ಬತ್ತದ ಬಾವಿ. ರಾಯರು ಮುಂಬಯಿಗೆ ಮಗನ ಹತ್ತಿರ ಹೊರಟಿದ್ದರು. ತಿಂಗಳುಗಟ್ಟಲೆ ಕಾದರೂ ಕೊಳ್ಳುವವರು ಬಂದಿರಲಿಲ್ಲ. ಹಾಗಿದ್ದೂ ಕೃಷ್ಣಾಬಾಯಿಯೊಡನೆ ವ್ಯವಹಾರ ಮಾತಾಡಲು ಅವರಿಗೆ ಮನಸ್ಸಿರಲಿಲ್ಲ. ನಿಮ್ಮ ಮನೆಯ ಗಂಡಸರನ್ನು ಕಳಿಸಿರಿ ಎಂದು ನಯವಾಗಿಯೇ ಹೇಳಿದರು. ಮುಂಗಡ ಬಯಾನೆ ತಂದು ನಾನೇ ಬರುತ್ತೇನೆ ಎಂದು ಆಕೆಯೂ ನಯವಾಗಿಯೇ ಹೇಳಿದಳು.

ಮರುದಿನ ಬಿಂದುಮಾಧವ ಸರಾಫರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೃಷ್ಣಾಬಾಯಿ ಗಂಟು ಬಿಚ್ಚಿ ಗಿನ್ನಿಗಳನ್ನು ಗಾದಿಯ ಮೇಲೆ ಸುರಿದಾಗ ಸುತ್ತಲಿನ ಗದ್ದಲ ತಾನಾಗಿ ತಗ್ಗಿತು. ಕತ್ತರಿ ಬೇಕಾಗಲಿಲ್ಲ, ಮೂಸೆ ಬೇಕಾಗಲಿಲ್ಲ. ಸರಾಫರು ಒಂದೊಂದನ್ನೂ ಕಣ್ಣಿಗೆ ತಂದು ನೋಡಿ ಪರಡಿಗೆ ಹಾಕಿದರು, ಒಂದನ್ನೂ ಹಿಂದಿರುಗಿಸಲಿಲ್ಲ, ಒಂದರಲ್ಲೂ ಕಡಿಯಲಿಲ್ಲ. ಅಂದಿನ ಪೂರ್ತಿ ದರ ಎಣಿಸಿಕೊಟ್ಟರು. ಕೊಡುತ್ತಲೇ, ದರ ಇನ್ನೂ ಏರುತ್ತದೆ ಬಾಯಿ, ಸ್ವಲ್ಪ ತಡೆಯಿರಿ ಎಂದು ತಮ್ಮ ಲಾಭಕ್ಕೆ ವಿರುದ್ಧವಾದ ಮಾತನ್ನೂ ಹೇಳಿದರು.

ಏರಲಿ, ನನ್ನ ಮನೆ ಸಿಕ್ಕಿತು ಎಂದು ಕೃಷ್ಣಾಬಾಯಿ ನಕ್ಕಳು. ಆಕೆ ಏಳುವಾಗ ಸರಾಫರೂ ಗಾದಿಯಿಂದ ಎದ್ದು ನಿಂತರು.

ಉಳಿದದ್ದು ಅಣ್ಣ. ಆಕೆ ನೆಟ್ಟಗೆ ಮನೆಗೆ ಬಂದು, ಊಟ ಮುಗಿಸಿ ಅಡಿಕೆ ಕತ್ತರಿಸುತ್ತಿದ್ದ ಪಂಢರಿನಾಥನೆದುರು ಕೂತು ವಾಡೆಯ ಸಂಗತಿ ಎಲ್ಲ ಹೇಳಿದಳು. ಅವನು ತಲೆಯೆತ್ತಲಿಲ್ಲ. ತನ್ನ ಅಪ್ಪಣೆ ಕೇಳಲು ಈಗ ಬಂದಳೇ ಎಂಬ ಬಿಗಿ ಅವನ ಹೆಗಲಲ್ಲೇ ಕಾಣುತ್ತಿತ್ತು.

“ಪರವಾನಗಿ ಕೇಳಲಿಕ್ಕೆ ಬಂದಿಲ್ಲ, ಅಣ್ಣಾ,” ಎಂದಳು ಕೃಷ್ಣಾಬಾಯಿ. “ಕಾಗದಕ್ಕ ಸಾಕ್ಷಿ ಬೇಕು. ಹೊರಗಿನವರು ಸಿಗತಾರ. ಆದರ ನೀ ನನ್ನ ಓದಿಸಿದಿ. ಅಲ್ಲೆ ನಿನ್ನ ಹೆಸರು ಇರಬೇಕು ಅಂತ ನನ್ನ ಆಶಾ.”

ಅಡಕತ್ತರಿ ನಿಂತಿತು. ಅಷ್ಟು ವರ್ಷ ಈ ಜಗಳದಲ್ಲಿ ಒಂದು ಮಾತೂ ಆಡದಿದ್ದ ವೈನಿ ಅಡುಗೆಮನೆಯಿಂದ ಬಂದು, ಗೂಟದಲ್ಲಿದ್ದ ರುಮಾಲನ್ನು ತೆಗೆದು, ಧೂಳು ಝಾಡಿಸಿ, ಗಂಡನ ಮುಂದಿಟ್ಟು ಹೋದಳು.

ನೋಂದಣಿಯ ದಿನ ದಿಗಂಬರರಾಯರು ಗಂಡಸರು ಬಂದರೆಂದು ಸಮಾಧಾನದಿಂದ ಮಾತೆಲ್ಲ ಪಂಢರಿನಾಥನ ಕಡೆಗೇ ತಿರುಗಿಸಿದರು. ಅವನು ಕೈ ಮಾಡಿ ತಡೆದು, ಖರೀದಿದಾರಳು ಈಕೆ, ನಾನು ಬರೀ ಸಾಕ್ಷಿ ಎಂದ. ಕೋರ್ಟಿನಲ್ಲಿ ಪರರ ಕಾಗದಗಳನ್ನು ಬರೆಯುತ್ತಲೇ ಕೂದಲು ಬೆಳ್ಳಗಾದವನು. ಎಲ್ಲಿ ಎಷ್ಟು ಬರೆಯಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಂಗಿಯ ಸಹಿಯ ಕೆಳಗೆ ತನ್ನ ಪೂರ್ತಿ ಹೆಸರು ಬರೆದು, ಅದರ ಮುಂದೆ, ಯಾರೂ ಕೇಳದಿದ್ದರೂ, “ಅಣ್ಣ” ಎಂದು ಸೇರಿಸಿದ.

ಸುಣ್ಣ ಬಳಿಯುವ ಕೆಲಸಕ್ಕೆ ತಾನೇ ನಿಲ್ಲುತ್ತೇನೆಂದು ರಜೆ ಹಾಕಿ ಬಂದವನೂ ಅವನೇ. ಪೂರ್ವದ ಕೋಣೆಗಳು ಮುಗಿದಿದ್ದವು, ಪಡಸಾಲೆ ಅರ್ಧವಾಗಿತ್ತು. ವಾರಕ್ಕೆರಡು ಸಲ ಬರಲು ಒಬ್ಬ ಡಾಕ್ಟರಬಾಯಿ ಒಪ್ಪಿದ್ದರು. ಇನ್ನೂ ಮಂಚ ಬಂದಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಬೀದಿಯಲ್ಲಿ ಗಲಾಟೆ ಕೇಳಿತು. ಕುಂಬಾರರ ಓಣಿಯವರು ನೋವು ತಿನ್ನುತ್ತಿದ್ದ ಹೆಣ್ಣುಮಗಳನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು ತಂದಿದ್ದರು. ಶನಿವಾರ ಪೇಟೆಯ ನರ್ಸ್‌ಬಾಯಿಯ ಮನೆ ಇದೇ ಏನು ಎಂದು ಕೇಳುತ್ತಿದ್ದರು.

ಕೃಷ್ಣಾಬಾಯಿ ಕೈ ತೊಳೆಯಲು ಬಿಸಿನೀರು ಬೇಕೆಂದು ಕೂಗುತ್ತ ಓಡಿಬಂದಳು. ವಾಡೆಯ ಹೆಬ್ಬಾಗಿಲನ್ನು ರಾಯರ ಕಾಲದಿಂದಲೂ ತೆರೆದಿರಲಿಲ್ಲ. ಅದರೊಳಗಿನ ಗಿಡ್ಡ ದಿಂಡಿ ಬಾಗಿಲಲ್ಲಿ ಬಗ್ಗಿ ಒಬ್ಬೊಬ್ಬರಾಗಿ ಹಾಯಬೇಕಿತ್ತು. ಹೊರಸು ಅದರಲ್ಲಿ ಹಿಡಿಯಲಿಲ್ಲ. ಪಂಢರಿನಾಥ ಸುಣ್ಣದ ಕೈಯಿಂದಲೇ ಅಗಳಿಗೆ ಹೆಗಲು ಕೊಟ್ಟ, ಸುಣ್ಣ ಬಳಿಯುವವನೂ ಕೊಟ್ಟ. ತುಕ್ಕು ಹಿಡಿದ ಬಿಜಾಗರಿಗಳು ಕಿರುಗುಟ್ಟಿದವು. ಎರಡೂ ಕದಗಳು ನಿಧಾನವಾಗಿ ಗೋಡೆಗೆ ತಾಗುವವರೆಗೆ ಸರಿದವು, ವರ್ಷಗಳ ಧೂಳು ಮೇಲೆದ್ದಿತು, ಬೀದಿಯ ಬಿಸಿಲು ಚೌಕದ ಕೊನೆಯ ಕಂಬದವರೆಗೆ ಹಾಸಿಕೊಂಡಿತು. ಹೊರಸು ಹೊತ್ತವರು ಆ ಬಿಸಿಲಿನ ಮೇಲೆಯೇ ಹೆಜ್ಜೆಯಿಡುತ್ತ ಒಳಗೆ ಬಂದರು.