ಎಡಕ್ಕೆ ಬಿದ್ದ ಹೂ

ಮಿರ್ಚಿ ಕರಿಯುವ ಎಣ್ಣೆಯ ಘಾಟು ಮೂಗಿಗೆ ಹತ್ತಿ ಹುಲಗೆಮ್ಮನ ಕಣ್ಣಲ್ಲಿ ನೀರು, ಘಾಟಿಗೋ ಇನ್ನಾವುದಕ್ಕೋ, ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಎರಡು ಕೆಂಪು ಬಸ್ಸು, ಒಂದರ ಮೂತಿ ಮೂಡಲಕ್ಕೆ, ಬಳ್ಳಾರಿಯ ಸರ್ಕಾರಿ ಕಾಲೇಜಿಗೆ, ಇನ್ನೊಂದರದು ಪಡುವಲಕ್ಕೆ, ಗದಗ ದಾಟಿ ಟ್ರಸ್ಟಿನ ಕಾಲೇಜಿರುವ ಊರಿಗೆ, ಎರಡು ಕಡೆಯೂ ಡಾಕ್ಟರಿಕೆಯೇ, ಎರಡೂ ಸೀಟಿನ ಕಾಗದ ಕೈಚೀಲದಲ್ಲಿವೆ, ಆದರೆ ಅಸಲಿ ಮಾರ್ಕ್ಸ್ ಕಾರ್ಡು ಒಂದೇ, ಸಂಜೆಯೊಳಗೆ ಅದನ್ನು ಯಾವ ಮೇಜಿನ ಮೇಲಿಡುತ್ತಾಳೋ ಆ ಕಾಲೇಜು ಅವಳದು, ಇನ್ನೊಂದು ಹೋಯಿತು. ಅವ್ವ ಮಾರೆವ್ವ ಟ್ರಂಕು ಹೊತ್ತು ಪಡುವಲದ ಬಸ್ಸಿನ ಕಡೆಗೇ ನಿಂತಿದ್ದಾಳೆ, ತಾಯಿ ಹೇಳ್ಯಾಳ, ಮತ್ತೇನು ಯೋಚನಿ ಮಾಡ್ತಿ — ತಾಯಿ ಅಂದರೆ ಊರ ದ್ಯಾಮವ್ವ, ನಿನ್ನೆ ಹೂ ಕೇಳಿದ್ದರು, ದೇವಿಯ ಎರಡು ಭುಜಕ್ಕೆ ಎರಡು ಕಣಗಿಲ ಹೂ ಒದ್ದೆ ಮಾಡಿ ಅಂಟಿಸುವುದು, ಬಲ ಬಿದ್ದರೆ ಬಳ್ಳಾರಿ, ಎಡ ಬಿದ್ದರೆ ಟ್ರಸ್ಟು, ಅವ್ವ ಕೆಳಗಿನ ಮೆಟ್ಟಿಲಿಗೆ ಹಣೆ ಹಚ್ಚಿದ್ದಳು, ಅದಕ್ಕಿಂತ ಮೇಲೆ ಇವರ ಕೇರಿಯವರು ಹತ್ತುವಂತಿಲ್ಲ, ಒಳಗೆ ದೇವಿ, ಬಾಗಿಲ ತುಂಬ ಪೂಜಾರಿಯ ಬೆನ್ನು, ಬೆವೆತ, ಅಗಲವಾದ ಬೆನ್ನು, ಎಡಕ ಬಿತ್ತು, ಟ್ರಸ್ಟಿಗೇ ಅಪ್ಪಣಿ ಆತು, ಎಂದಿತು ಬೆನ್ನು, ತಿರುಗದೆ. ಸಾಹುಕಾರ ವಿರುಪಣ್ಣನದೂ ಅದೇ ಮಾತು, ಗಂಗಾವತಿಯಲ್ಲಿ ಎರಡು ಅಕ್ಕಿ ಮಿಲ್ಲು ಅವನವು, ಅವನ ಗದ್ದೆಯಲ್ಲೇ ಅವ್ವ ನಾಟಿ ಹಚ್ಚುವುದು, ಆ ಟ್ರಸ್ಟಿನಲ್ಲಿ ಅವನೂ ಒಬ್ಬ ಮೆಂಬರು, ಹಾಸ್ಟೆಲ್ಲು, ಊಟ, ಪುಸ್ತಕ ಎಲ್ಲಾ ಧರ್ಮಕ್ಕ ಕೊಡಸ್ತೀನಿ ಹೋಗಬೇ, ಅಲ್ಲಿ ನಿಮ್ಮದು ಯಾವ ಕೇರಿ ಅಂತ ಯಾರೂ ಕೇಳಂಗಿಲ್ಲ. ಎಷ್ಟು ಒಳ್ಳೆಯವನು, ಅಲ್ಲವೇ, ಅವನೇ ದಿನಾ ಕೇರಿ ಕೇಳುವವನು, ಮೂರು ತಲೆಮಾರಿನಿಂದ ಕೇಳುತ್ತ ಬಂದ ಮನೆಯವನು, ಬಳ್ಳಾರಿಯ ಸೀಟೋ ಅವಳದೇ, ಮೀಸಲು ತೆಗೆದುಕೊಂಡಿದ್ದರೂ ಅದು ಹಕ್ಕೇ ಆಗಿತ್ತು, ಆದರೆ ಇದು ಎಲ್ಲರ ಪಟ್ಟಿಯಲ್ಲಿ, ಜನರಲ್ ಮೆರಿಟ್ಟಿನಲ್ಲಿ, ಎಲ್ಲರ ಜೊತೆ ಗುದ್ದಾಡಿ ಬಂದದ್ದು, ಬಂದರೇನು, ಅಲ್ಲಿ ಉಣ್ಣುವುದೇನು, ಈಗಷ್ಟೇ ಅಂಚೆಯ ಶಫೀಸಾಬ ಚಹಾ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಏನವ್ವಾ ಡಾಕ್ಟರ್ ಬಾಯಿ, ನನ್ನ ಮೊಣಕಾಲಿಗೆ ಪುಕಟ ಸೂಜಿ ಮಾಡ್ತೀಯಿಲ್ಲ, ಎಂದು ನಕ್ಕವನು, ಸಾಹುಕಾರರ ಮಗಳಿಗೂ ಬಳ್ಳಾರಿ ಕಾಗದ ಕೊಟ್ಟೀನಿ ನೋಡು, ವೇಟಿಂಗ್ ಲಿಸ್ಟಂತ, ಮೊದಲನೇ ನಂಬರಂತ, ಒಬ್ಬರು ಬಿಟ್ಟರ ಸೀಟು ಆಕಿಗೇ, ಎಂದು ಪೆಡಲು ತುಳಿದು ಹೋದ. ಒಬ್ಬರು ಬಿಟ್ಟರೆ. ಆ ಒಬ್ಬರು ಯಾರು. ಸಾಹುಕಾರನ ಮಗಳು ಪಂಪಾವತಿ, ಇವಳ ಜೊತೆ ಎರಡು ವರ್ಷ ಒಂದೇ ಬೆಂಚು, ನೀ ಕೊಯ್ಯಬೇ ನನಗ ಹೇಸಿಕಿ ಬರ್ತೈತಿ, ಎಂದು ಲ್ಯಾಬಿನಲ್ಲಿ ಕಪ್ಪೆಯ ತಟ್ಟೆ ಇವಳ ಕಡೆ ದೂಡಿದವಳು, ಒಳ್ಳೆಯವಳು, ಮನೆಗೆ ಹೋದಾಗ ಹೊರಗಿನ ಕಟ್ಟೆಯ ಮೇಲೆ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಟ್ಟವಳು, ಅವಳು ಕೊಟ್ಟಳೋ ಅವಳವ್ವ ಕೊಟ್ಟಳೋ, ಕುಡಿದದ್ದಂತೂ ಇವಳೇ, ಪಂಪಾವತಿಗೆ ಇದೆಲ್ಲ ಗೊತ್ತೋ ಇಲ್ಲವೋ, ಪೂಜಾರಿಗೆ ಪ್ರತಿ ಸುಗ್ಗಿಗೆ ಭತ್ತ ಸಾಹುಕಾರನ ಮನೆಯಿಂದ, ಹೋಗಲಿ, ದೇವಿ ಭತ್ತ ತಿನ್ನುತ್ತಾಳೆಯೇ, ಆದರೂ ದೇವಿ ನಿಜವಾಗಿಯೇ ಎಡ ಕೊಟ್ಟಿದ್ದರೆ, ಧರ್ಮದ ಊಟ ಕಾಲಿಂದ ಒದ್ದಂತಾದರೆ —

ಯವ್ವಾ, ಹೂ ಬಿದ್ದದ್ದು ನೀ ಕಣ್ಣಿಲೆ ನೋಡಿದೇನು. ನಾ ಎಲ್ಲಿ ನೋಡ್ಲಿ, ಹಣಿ ಮೆಟ್ಟಲಕ್ಕ ಹಚ್ಚಿದ್ನಿ, ನೀ ನಿಂತಿದ್ದೆಲ್ಲ, ನೀ ನೋಡ್ಲಿಲ್ಲೇನು. ನೋಡಿದ್ದು ಬೆನ್ನು, ಬೆನ್ನಿನ ಮೇಲಿಂದ ಇಳಿಯುವ ಬೆವರು, ಹೂವಲ್ಲ, ದೇವಿಯ ಭುಜವಂತೂ ಹುಟ್ಟಿದಾಗಿನಿಂದ ಕಂಡಿಲ್ಲ. ಬಾಯಿ ಮುಚ್ಚಬೇ, ನಾಳೆ ನಾಟಿಗೆ ಕರೀಲಿಲ್ಲಂದ್ರ ನಾ ಏನು ತಿನ್ಲಿ, ಎಂದಳು ಅವ್ವ, ಎಂದವಳೇ ಬಸ್ಸು ನೋಡಿದಳು, ಮಗಳ ಮುಖ ನೋಡಿದಳು, ಟ್ರಂಕು ತಲೆಯಿಂದ ಇಳಿಸಿ ಎರಡು ಬಸ್ಸುಗಳ ನಡುವೆ ಧೂಳಲ್ಲಿಟ್ಟಳು, ನನಗ ತಿಳಿಯಂಗಿಲ್ಲವ್ವ, ನಾ ಕಣ್ಣು ಮುಚ್ಚಿದಾಕಿ. ಬಳ್ಳಾರಿ ಬಳ್ಳಾರಿ ಬರ್ರಿ, ಕಂಡಕ್ಟರ್ ಸೀಟಿ ಊದುತ್ತಾನೆ, ಟ್ರಂಕಿನ ಹಿಡಿ ಹುಲಗೆಮ್ಮನ ಅಂಗೈ ಕೊಯ್ಯುತ್ತಿದೆ, ಎತ್ತಿದ್ದು ಯಾವಾಗ, ಮೂಡಲಕ್ಕೆ ನಡೆದದ್ದು ಯಾವಾಗ, ಬಸ್ಸಿನ ಬಾಗಿಲಿಗೆ ಅಡ್ಡ ಯಾರೋ ನಿಂತಿದ್ದಾರೆ, ಅತ್ತಾಗ ಸರೀರಿ, ನಾ ಹತ್ತಬೇಕು, ಎಂದಳು, ಯಾರಿಗೆ ಅಂದಳೋ, ಕಣ್ಣ ತುಂಬ ಬೆನ್ನು, ಬೆವೆತ, ಅಗಲವಾದ, ತಿರುಗದ ಬೆನ್ನು.