ಮುಚ್ಚಳ ಕೂತ ಶುಕ್ರವಾರ

ಆ ಬೆಳಿಗ್ಗೆ ಮರುಭೂಮಿಯ ಧೂಳು ಹೊತ್ತ ಹರ್ಮಟಾನ್ ಗಾಳಿ ಬೀಸಿ ಕುಮಾಸಿ ಊರಿಗೆ ಊರೇ ಮಸುಕಾಗಿತ್ತು. ಧೂಳಿನ ಹಿಂದೆ ಸೂರ್ಯ ತೊಳೆಯದ ತಟ್ಟೆಯಂತೆ ಕಾಣುತ್ತಿದ್ದ. ನಮ್ಮ ಎರಕದವರ ಓಣಿಯಲ್ಲಿ ಕುಲುಮೆಗಳೆಲ್ಲ ಉರಿಯುತ್ತಿದ್ದವು. ಆಂಪೊನ್ಸಾನದು ಮಾತ್ರ ಆರಿತ್ತು.

ವಸತಿಶಾಲೆಯೊಂದು ಅಡುಗೆಮನೆಗೆ ದೊಡ್ಡ ಅಲ್ಯೂಮಿನಿಯಂ ಹಂಡೆಗಳನ್ನು ಕೇಳಿತ್ತು. ಪಾತ್ರೆ ವ್ಯಾಪಾರದ ಸೆರ್ವಾ ಅಮ್ಮ ಹಂಡೆಗಳನ್ನು ಬೊವಾಡುವಿಗೂ ಮುಚ್ಚಳಗಳನ್ನು ಆಂಪೊನ್ಸಾನಿಗೂ ವಹಿಸಿದ್ದರು. ಇಬ್ಬರ ಕುಲುಮೆಗಳ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಒಬ್ಬ ಕೆಮ್ಮಿದರೆ ಇನ್ನೊಬ್ಬನಿಗೆ ಕೇಳುತ್ತಿತ್ತು. ಕೆಲಸದ ಮಾತು ಮಾತ್ರ ಒಂದೂ ದಾಟುತ್ತಿರಲಿಲ್ಲ. ಅಳತೆ ಕೇಳಿದರೆ ಬೊವಾಡು ಹಂಗಿಸುತ್ತಾನೆಂದು ಆಂಪೊನ್ಸಾ ಪೇಟೆಯಲ್ಲಿ ಅವನೇ ಮಾಡಿದ ಅಂಥದೇ ಹಂಡೆಯ ಮುಚ್ಚಳವೊಂದನ್ನು ಕೊಂಡು, ಅದನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದಿದ್ದ. ಈಗ ಮುಚ್ಚಳಗಳೆಲ್ಲ ಹಂಡೆಯೊಳಗೆ ಜಾರಿ ಬೀಳುತ್ತಿದ್ದವು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಇಬ್ಬರ ಕೆಲಸವೂ ಬೇರೆ ಊರಿನ ಪಾಲು.

ಸೆರ್ವಾ ಅಮ್ಮ ಇಬ್ಬರನ್ನೂ ಕರೆದು, ಒಂದೇ ತಟ್ಟೆಗೆ ಕೆಂಕೆ ಕಡುಬು, ಹುರಿದ ಮೀನು ಬಡಿಸಿ ಕೂರಿಸಿದರು.

ಬೊವಾಡು ಆಂಪೊನ್ಸಾನ ಮುಚ್ಚಳವನ್ನು ತಿರುಗಿಸಿ ನೋಡಿ ನಕ್ಕ. "ಎರಕದಿಂದ ಎರಕ ತೆಗೆದ್ರೆ ಚಿಕ್ಕದಾಗುತ್ತಪ್ಪ. ಲೋಹ ಆರ್ತಾ ಆರ್ತಾ ಕುಗ್ಗುತ್ತೆ. ಅಚ್ಚು ಒಂಚೂರು ದೊಡ್ಡದೇ ಇರ್ಬೇಕು. ನಮ್ಮ ಗುರುಗಳ ಮರದ ಅಚ್ಚು ನನ್ನತ್ರ ಐತೆ."

"ಕೇಳಿದ್ರೆ ಕೊಡ್ತಿದ್ಯಾ ಅಣ್ಣ?" ಎಂದ ಆಂಪೊನ್ಸಾ.

ಬೊವಾಡು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದ. ಅಚ್ಚಿನ ಹಿಂದೆಯೇ ಗಿರಾಕಿಗಳೂ ಹೋದಾರೆಂಬ ಹೆದರಿಕೆ ಅವನದು.

"ಮುಚ್ಚಳ ಇಲ್ಲದ ಹಂಡೇನ ಶಾಲೆಯೋರು ಸ್ನಾನಕ್ಕೆ ಇಟ್ಕೋತಾರಾ?" ಎಂದರು ಸೆರ್ವಾ ಅಮ್ಮ. "ದೇವರು ನಿಮ್ಮನ್ನ ಪಕ್ಕಪಕ್ಕ ಇಟ್ಟವ್ನೆ. ನೀವು ನೋಡಿದ್ರೆ ಬೇರೆ ಬೇರೆ ದೇಶದೋರ ಹಂಗೆ ಬದುಕ್ತಿದ್ದೀರಿ."

ಬೊವಾಡು ಕೈ ತೊಳೆದುಕೊಂಡು ಎದ್ದುಹೋಗಿ ಅಚ್ಚು ತಂದುಕೊಟ್ಟ.

ಮರುದಿನ ಆಂಪೊನ್ಸಾ ತಾನಾಗಿಯೇ ಗೋಡೆ ಬಳಸಿ ಬಂದ. ಬೊವಾಡುವಿನ ಹಂಡೆಗಳಲ್ಲಿ ಸೂಜಿತೂತು ಬೀಳುವುದು ಅವನಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ತೂತು ಬೀಳದಂತೆ, ಗುಜರಿಯನ್ನು ಕರಗಿಸುವ ಮೊದಲು ಕುಲುಮೆಯ ಅಂಚಿನಲ್ಲಿ ಚೆನ್ನಾಗಿ ಕಾಯಿಸಿ, ಪಸೆಯನ್ನೂ ಎಣ್ಣೆಯನ್ನೂ ಹೋಗಲಾಡಿಸುವ ತನ್ನ ಕ್ರಮವನ್ನು ಅವನು ಮಾಡಿ ತೋರಿಸಿದ.

ಶುಕ್ರವಾರ ಪ್ರತಿ ಮುಚ್ಚಳವೂ ಠಣ್ಣೆಂದು ಕೂತಿತು. ಹಂಡೆ ತುಂಬಿದ ಲಾರಿ ಹೊರಟಾಗ ಓಣಿಗೆ ಓಣಿಯೇ ಸ್ತೋತ್ರ ಹಾಡುತ್ತ ಹಿಂದೆ ನಡೆಯಿತು. ಶಾಲೆಯ ಮುಂದಿನ ಅವಧಿಗೆ ಇನ್ನೆರಡು ಶಾಲೆಗಳು ಇದೇ ಓಣಿಯನ್ನು ಹುಡುಕಿಕೊಂಡು ಬಂದವು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಪಕ್ಕದ ಅಂಗಡಿಗೆ ನೀವು ಕಾಲಿಟ್ಟು ಎಷ್ಟು ದಿನವಾಯಿತು? ಇವತ್ತೇ ಹೋಗಿ. ಗೊತ್ತಿಲ್ಲದ್ದನ್ನು ಕೇಳಿ, ಗೊತ್ತಿರುವ ಒಂದನ್ನು ಹೇಳಿ ಬನ್ನಿ.

ಆ ಶುಕ್ರವಾರ ಸಂಜೆ ಆಂಪೊನ್ಸಾ ಮರದ ಅಚ್ಚಿನ ಮರಳನ್ನೆಲ್ಲ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಗೋಡೆ ಬಳಸಿ ಬಂದು ಎರಡೂ ಕೈಯಿಂದ ಬೊವಾಡುವಿನ ಮಡಿಲಲ್ಲಿಟ್ಟ.