ಕಾಲೋನಿ ವಿಳಾಸ

ಹಂಪಾಪುರ ಬಿಟ್ಟು ಈ ಪಟ್ಟಣಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಕೆ.ಆರ್. ನಗರದ ಬಸ್ಸು ನಿಲ್ಲುವ ಜಾಗದಲ್ಲಿ ನನ್ನ ತಳ್ಳುಗಾಡಿ. ಮುದ್ದೆ, ಸೊಪ್ಪಿನ ಸಾರು. ಮಾರಮ್ಮನ ಗಾಡಿ ಎಂದರೆ ಎಲ್ಲರಿಗೂ ಗೊತ್ತು, ಪುರಸಭೆ ಕಚೇರಿಯವರ ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ಹೋದ ವರ್ಷ ಪುರಸಭೆಯವರು ಕೆರೆ ಏರಿಯ ನಮ್ಮ ಮೂವತ್ತೊಂದು ಗುಡಿಸಲು ಕಿತ್ತು, ಒಂಬತ್ತು ಕಿಲೋಮೀಟರ್ ಆಚೆ ಕಾಲೋನಿಯಲ್ಲಿ ಮನೆ ಕೊಟ್ಟರು. ದಿನಕ್ಕೆ ಎರಡೇ ಬಸ್ಸು. ಬೀಗದ ಕೈ ಕೊಟ್ಟ ದಿನ, ಆಧಾರ್ ಕಾರ್ಡಿಗೆ ಹೊಸ ವಿಳಾಸ ಹಾಕಿಸಿಕೊಳ್ಳಿ ಎಂದರು. ಪಕ್ಕದ ಮನೆಯ ಆಮಿನಾಬಿ, ಬಳೆ ಮಾರುವವಳು, ಹಿಂದೇಟು ಹಾಕಿದಳು. "ಈಗ್ಲೇ ಯಾಕಕ್ಕ, ನೋಡ್ಕೊಂಡು ಮಾಡ್ಸೋಣ ಬುಡು" ಎಂದವಳನ್ನು, ಗುಡಿಸಲಿನವರ ಸಂಘದ ಅಧ್ಯಕ್ಷೆ ಎಂಬ ಜಂಬದಲ್ಲಿ ನಾನೇ ಬೈದು, ಕೈ ಹಿಡಿದು ಎಳೆದುಕೊಂಡು ಹೋಗಿ ಹಾಕಿಸಿದೆ. ಮೂವತ್ತೊಂದು ಮನೆಯವರಿಗೂ ನಾನೇ ಹಾಕಿಸಿದ್ದು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇವತ್ತು ಬೀದಿ ವ್ಯಾಪಾರದ ಕಾರ್ಡು ಹೊಸದು ಮಾಡಿಸಲು ನಾನೂ ಆಮಿನಾಬಿಯೂ ಪುರಸಭೆ ಕಚೇರಿಗೆ ಹೋದೆವು. ಅದಿಲ್ಲದಿದ್ದರೆ ನಾಳೆಯಿಂದ ಗಾಡಿಯನ್ನೇ ಎತ್ತಿಕೊಂಡು ಹೋಗುತ್ತಾರೆ. ಗುಮಾಸ್ತ ಚೇತನ್‌ಕುಮಾರ್ ನನ್ನ ಆಧಾರ್ ತಿರುಗಿಸಿ ನೋಡಿದ.

"ಇದು ಪಂಚಾಯ್ತಿ ವಿಳಾಸ ಕಣಮ್ಮ. ಕಾರ್ಡು ಪಟ್ಟಣದೋರ್ಗೆ ಮಾತ್ರ."

"ಅಲ್ಲಿಗೆ ಕಳ್ಸಿದ್ದು ಯಾರು ಸ್ವಾಮಿ? ಬೀಗದ ಕೈ ಕೊಟ್ಟು ಫೋಟೋ ತೆಗೆಸ್ಕಂಡೋರು ನೀವೇ ತಾನೆ?"

"ಅದು ಬೇರೆ ಸೆಕ್ಷನ್ನು. ರೂಲ್ಸು ನಾನು ಮಾಡಿದ್ದಲ್ಲ. ಅಲ್ಲೇ ವ್ಯಾಪಾರ ಮಾಡ್ಕೊ."

"ಅಲ್ಲಿ ಯಾರ್ಗೆ ಮಾರ್ಲಿ? ಬೇಲಿಗಾ?"

ಆಮಿನಾಬಿ ಸೆರಗಿನಲ್ಲಿ ಸುತ್ತಿ ತಂದಿದ್ದ ಕಾಗದಗಳನ್ನು ಇನ್ನೂ ಬಿಚ್ಚಿರಲಿಲ್ಲ. "ನಂದೂ ಹೋಯ್ತಾ ಅಕ್ಕ?" ಎಂದಳು. ಅಷ್ಟೇ. ಎರಡು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಚೇತನ್‌ಕುಮಾರ್ ಗಡಿಯಾರ ನೋಡಿದ. "ಅದಿರ್ಲಿ, ಇವತ್ತು ಯಾವ ಸೊಪ್ಪು? ಒಂದೂವರೆಗೆ ಎರಡು ಮುದ್ದೆ ಕಳಿಸ್ಬುಡು."

ಒಂಬತ್ತು ವರ್ಷದಿಂದ ನನ್ನ ಕೈಯೂಟ ಉಂಡವನು. ಅಣಕಿಸಲು ಕೇಳಿದ್ದಲ್ಲ, ಹಸಿವಾಗಿತ್ತು, ಕೇಳಿದ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನಾನು ಈ ಊರೋಳಲ್ವಲ್ಲ ಸ್ವಾಮಿ. ನಮ್ಮೂರ್ಗೇ ಬಂದು ಉಣ್ಣಿ. ಬೆಳಗಿನ ಬಸ್ಸು ಹೋಯ್ತು. ಇನ್ನೊಂದು ಸಂಜೆಗೆ. ಅಲ್ಲೀಗಂಟ ಅಂಗೇ ಹಸ್ಕಂಡು ಕೂತಿರಿ."

ಆಮಿನಾಬಿಯ ಕೈ ಹಿಡಿದು ಹೊರಗೆ ಬಂದೆ. ಇಬ್ಬರೂ ಸೇರಿ ಗಾಡಿ ತಳ್ಳಿಕೊಂಡು ಬಂದು ಕಚೇರಿಯ ಬಾಗಿಲಿಗೇ ಅಡ್ಡ ನಿಲ್ಲಿಸಿ ಒಲೆ ಹಚ್ಚಿದೆವು. ನಾಳೆ ಎತ್ತುವವರು ಇವತ್ತೇ ಬಂದು ಎತ್ತಲಿ.